ಟರ್ಬೊ ಗಾಡಿಗೆ ಟ್ಯೂನಿಂಗ್ ಡಿವೈಸ್ ಆರಿಸೂದು ಹೆಂಗ: ನಮ್ ಕಡೆ ರೋಡಿಗೆ, ಬಿಸಲಿಗೆ, ಪೆಟ್ರೋಲಿಗೆ ತಕ್ಕಂಗ

ಹೋದ ಏಪ್ರಿಲ್‌ದಾಗ ವಿಜಯಪುರದಿಂದ ನಮ್ಮ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಇಂಜಿನ್ ಪವರ್ ಏರಸೂ ಒಂದ್ ಟ್ಯೂನಿಂಗ್ ಬಾಕ್ಸ್ ನೋಡೀನಿ, 30 ಎಚ್‌ಪಿ ಜಾಸ್ತಿ ಆಗತೈತಂತ, ಬರೇ ಹತ್ತ ನಿಮಿಷದ ಕೆಲಸಂತ, ತಗೊಳ್ಳೇನು?" ಅಂದ. ನಾ ಒಂದ ಮಾತ ಕೇಳಿದೆ, "ಮಧ್ಯಾಹ್ನ ಮೂರಕ್ಕ ಗೋಳಗುಮ್ಮಟದ ಮುಂದ ಟ್ರಾಫಿಕ್‌ನ್ಯಾಗ ನಿಂತಾಗ ನಿನ್ನ ಗಾಡಿ ಇಂಟೇಕ್ ಟೆಂಪರೇಚರ್, ಅಂದ್ರ ಇಂಜಿನ್ ಒಳಗ ಹೋಗೂ ಗಾಳಿ ಬಿಸಿ, ಎಷ್ಟ ತೋರಸ್ತೈತಿ?" ಸುಮ್ನಾದ. ಆಮ್ಯಾಲ "ಅದನ್ನ ಎಲ್ಲಿ ನೋಡೂದು ಮಾಮಾ?" ಅಂದ.

ಅವಂದೇನೂ ತಪ್ಪಿಲ್ರಿ. ಆರು ವರ್ಷದ ಹಿಂದ ನಂಗೂ ಗೊತ್ತಿರಲಿಲ್ಲ. ನಾನೂ ಹಿಂಗ ಒಂದ್ ಸೆಕೆಂಡ್‌ಹ್ಯಾಂಡ್ ಬಾಕ್ಸ್ ಹಾಕ್ಸಿ, ಹೆಂಡ್ತಿ ಮಗಳನ್ನ ಕೂರಿಸ್ಕೊಂಡು ಜುಲೈ ಮಳಿಯಾಗ ಗೋವಾಕ್ಕ ಹೊಂಟಿದ್ದೆ, ಜಾಂಬೋಟಿ ದಾಟಿ ಕಣಕುಂಬಿ ಹತ್ರ ಏರಿನ್ಯಾಗ ಒಮ್ಮಿಗೇ ಇಂಜಿನ್ ಲೈಟ್ ಹತ್ತಿ ಗಾಡಿ ಲಿಂಪ್ ಮೋಡಿಗೆ (ಇಂಜಿನ್ ತನ್ನ ಕಾಪಾಡ್ಕೊಳ್ಳಾಕ ಪವರ್ ಕಮ್ಮಿ ಮಾಡೂದು) ಹೋತು, ಆಕ್ಸಿಲರೇಟರ್ ಎಷ್ಟ ಒತ್ತಿದ್ರೂ 3,000 ಆರ್‌ಪಿಎಂ ದಾಟವಲ್ದು, ಸುತ್ತ ಮಂಜು, ಹಿಂದ ಲಾರಿ. ಅರ್ಧ ತಾಸು ಮಳಿಯಾಗ ನಿಂತು ಬಾನೆಟ್ ತಗದು ಬಾಕ್ಸ್ ಕಿತ್ತು ಒರಿಜಿನಲ್ ಕನೆಕ್ಟರ್ ವಾಪಸ್ ಹಾಕಿದ ಮ್ಯಾಲ ಗಾಡಿ ಎಂದಿನಂಗ ಓಡ್ತು. ಬಾಕ್ಸಿನ ಕನೆಕ್ಟರ್‌ನ ರಬ್ಬರ್ ಸೀಲ್ ಹರದಿತ್ತು, ನೀರು ಒಳಗ ಹೋಗಿತ್ತು, ಅದಕ್ಕಿಂತ ಮುಖ್ಯ ಅಂದ್ರ ಆ ಬಾಕ್ಸ್ ನನ್ನ ಇಂಜಿನ್‌ದ್ದು ಅಲ್ಲವೇ ಅಲ್ಲ, ಬ್ಯಾರೆ ಸೆನ್ಸರ್‌ಗೆ ಸೆಟ್ ಮಾಡಿದ್ದು. ಆವತ್ತಿಂದ ಕಲ್ತದ್ದನ್ನ ಅಳಿಯಗ ಫೋನಿನ್ಯಾಗ ಒಂದ್ ತಾಸು ಹೇಳಿದೆ, ಈಗ ಇಲ್ಲಿ ಎಲ್ಲಾರಿಗೂ ಬರೀಲಾಕತ್ತೀನಿ.

ಮೊದಲ ಹೆಜ್ಜೆ: ನಿಮ್ ಗಾಡಿ ಏನ್ ತಡೀತೈತಿ ಅಂತ ತಿಳ್ಕೊರಿ

ಡಿವೈಸ್ ಹುಡುಕೂಕಿಂತ ಮೊದಲ ಒಂದ್ ಹಾಳಿ ತಗೊಂಡು ನಾಕ್ ಸಾಲ ಬರೀರಿ. ಇಂಜಿನ್ ಟರ್ಬೊ ಐತೋ ಇಲ್ಲೋ, ಪೆಟ್ರೋಲೋ ಡೀಸಲ್ಲೋ, ಕಂಪನಿ ಕೊಟ್ಟ ಟಾರ್ಕ್ (ಇಂಜಿನ್ ತಿರಗಸೂ ಬಲ) ಎಷ್ಟು, ಗೇರ್‌ಬಾಕ್ಸ್ ಯಾವ್ದು.

ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಇದ್ರ ಇಲ್ಲೇ ನಿಲ್ರಿ. ಹೊರಗಿನ ಗಾಳಿ ಎಷ್ಟ ಎಳಕೊಳ್ತೈತೋ ಅಷ್ಟ ಪವರ್, ಸಾಫ್ಟ್‌ವೇರಿಂದ ಗಾಳಿ ಹುಟ್ಟೂದಿಲ್ಲ, ಸಿಗೂದು ಭಾಳ ಅಂದ್ರ 5ರಿಂದ 8 ಪರ್ಸೆಂಟ್, ಅದಕ್ಕ ದೊಡ್ಡ ರೊಕ್ಕ ಹಾಕೂದ್ರಾಗ ಅರ್ಥಿಲ್ಲ. ಅದ ರೊಕ್ಕದಾಗ ಒಳ್ಳೆ ಟೈರ್ ಹಾಕ್ಸ್ರಿ, ಗಾಡಿ ಖರೇನ ಬದಲಾಗತೈತಿ. ಟರ್ಬೊ ಇದ್ರ ಕತಿ ಬ್ಯಾರೆ, ಅಲ್ಲೆ ಬೂಸ್ಟ್ (ಟರ್ಬೊ ಇಂಜಿನ್‌ಗೆ ಒತ್ತಿ ತುಂಬೂ ಗಾಳಿ ಒತ್ತಡ) ಕಂಪ್ಯೂಟರ್ ಕೈಯಾಗ ಇರ್ತೈತಿ, ಬರೇ ಸಾಫ್ಟ್‌ವೇರಿನ ಮ್ಯಾಲ 15ರಿಂದ 30 ಪರ್ಸೆಂಟ್ ತನಕ ಬರೂದು ಸಹಜ.

ಈಗ ಗೇರ್‌ಬಾಕ್ಸ್. ಇದನ್ನ ಭಾಳ ಮಂದಿ ನೋಡೂದ ಇಲ್ಲ, ನಂಗ ಇದ ಎಲ್ಲಾಕಿಂತ ಮುಖ್ಯ ಅನಸ್ತೈತಿ. ಒಂದ್ ಉದಾಹರಣಿ ನೋಡ್ರಿ. ಫೋಕ್ಸ್‌ವ್ಯಾಗನ್ ಗ್ರೂಪಿನ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ (ತಾನ ಗೇರ್ ಹಾಕೂ ಗೇರ್‌ಬಾಕ್ಸ್), ಡಿಕ್ಯೂ200 ಅಂತ ಕರೀತಾರ, ಅದು ತಡಿಯೂದು 250 ನ್ಯೂಟನ್ ಮೀಟರ್ ಟಾರ್ಕ್. ಹಳೇ ಪೊಲೊ ಜಿಟಿ ಟಿಎಸ್‌ಐ 1.2 ಇಂಜಿನ್ ಕೊಡೂದು 175, ಅಂದ್ರ 75ರ ಜಾಗ ಖಾಲಿ ಐತಿ. ಅದ ಗೇರ್‌ಬಾಕ್ಸ್ ಇರೂ ವರ್ಟಸ್ ಜಿಟಿ 1.5 ಇಂಜಿನ್ ಶೋರೂಮಿಂದನ 250 ಕೊಡ್ತೈತಿ, ಜಾಗನ ಇಲ್ಲ. ಎರಡೂ ಟರ್ಬೊ, ಎರಡೂ ಡಿಎಸ್‌ಜಿ, ಆದ್ರ ಒಂದಕ್ಕ ಟ್ಯೂನ್ ಮಾಡೂದು ಹೊಂದ್ತೈತಿ, ಇನ್ನೊಂದಕ್ಕ ಟಾರ್ಕ್ ಏರಿಸಿದ್ರ ಕ್ಲಚ್ ಪ್ಯಾಕ್ ಮ್ಯಾಲ ಸಾಲ ತಗೊಂಡಂಗ. ಮ್ಯಾನುವಲ್ ಇದ್ರೂ ನೋಡ್ರಿ, 80 ಸಾವಿರ ಕಿಲೋಮೀಟರ್ ಓಡಿದ ಕ್ಲಚ್ ಮ್ಯಾಲ 40 ನ್ಯೂಟನ್ ಮೀಟರ್ ಜಾಸ್ತಿ ಹಾಕಿದ್ರ ನಾಕನೇ ಗೇರಿನ್ಯಾಗ ಆರ್‌ಪಿಎಂ ಏರ್ತೈತಿ, ಗಾಡಿ ಏರೂದಿಲ್ಲ, ಸುಟ್ಟ ವಾಸನಿ ಬರ್ತೈತಿ. ಹಂಗಿದ್ರ ಮೊದಲ ಕ್ಲಚ್, ಆಮ್ಯಾಲ ಟ್ಯೂನ್.

ಎರಡನೇ ಹೆಜ್ಜೆ: ಮೊದಲ ತಗೊಳ್ಳೂ ಡಿವೈಸ್ ಪವರ್ ಕೊಡೂದಲ್ಲ, ತೋರಸೂದು

ನಾ ಎಷ್ಟ ಮಂದಿಗೆ ಇದನ್ನ ಹೇಳಿದ್ರೂ ನಗತಾರ, ಆದ್ರೂ ಹೇಳ್ತೀನಿ. ನೀವು ಮೊದಲ ತಗೊಬೇಕಾದ್ದು ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ (ಗಾಡಿ ಪರೀಕ್ಷೆ ಮಾಡೂ) ಸಾಕೆಟ್ಟಿಗೆ ಹಾಕೂ ಒಂದ್ ಸಣ್ಣ ಬ್ಲೂಟೂತ್ ಡಾಂಗಲ್, ಮತ್ತ ಮೊಬೈಲಿನ್ಯಾಗ ಲಾಗ್ ಮಾಡೂ ಆಪ್. ನಂದು 1,800 ರೂಪಾಯಿಗೆ ಬಂದಿತ್ತು. ಭಾಳ ಸೋವಿದು ತಗೊಬ್ಯಾಡ್ರಿ, ಅವು ಡೇಟಾ ಅಷ್ಟ ನಿಧಾನ ಕೊಡ್ತಾವಂದ್ರ ಬೂಸ್ಟ್ ಏರಿ ಇಳದ ಮ್ಯಾಲ ಸ್ಕ್ರೀನಿನ್ಯಾಗ ಬರ್ತೈತಿ.

ಎರಡ್ ವಾರ ಏನೂ ಬದಲ ಮಾಡದ ಗಾಡಿ ಓಡಸ್ರಿ, ಲಾಗ್ ಇಡ್ರಿ. ನೋಡೂದು ಇಷ್ಟ: ಇಂಟೇಕ್ ಗಾಳಿ ಟೆಂಪರೇಚರ್, ಕೂಲಂಟ್ ಟೆಂಪರೇಚರ್, ಇಂಜಿನ್ ಕೇಳಿದ ಬೂಸ್ಟ್ ಎಷ್ಟು ಸಿಕ್ಕ ಬೂಸ್ಟ್ ಎಷ್ಟು, ಫ್ಯುಯೆಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಇಂಧನಾನ ಎಷ್ಟ ಹೆಚ್ಚ ಕಮ್ಮಿ ಮಾಡಾಕತ್ತೈತಿ ಅನ್ನೂದು), ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಯಾವಾಗ ಹೊಡೀತೈತಿ ಅನ್ನೂದು). ಕೆಲವು ಗಾಡಿಯಾಗ ನಾಕ್ (knock) ರಿಟಾರ್ಡ್ ಅಂತ ಬರ್ತೈತಿ, ಅಂದ್ರ ಇಂಜಿನ್ ಒಳಗ ಇಂಧನ ಕಟಕಟ ಅಂತ ತಪ್ಪ ಟೈಮಿಗೆ ಹತ್ತಿದ್ದನ್ನ ಸೆನ್ಸರ್ ಕೇಳಿ ಟೈಮಿಂಗ್ ಹಿಂದಕ್ಕ ಎಳಿಯೂದು. ಅದು ಸಿಕ್ರ ಬಂಗಾರ ಸಿಕ್ಕಂಗ.

ಯಾಕ ಅಂದ್ರ, ನನ್ನ ಗಾಡಿಯಾಗ ಲಾಗ್ ನೋಡಿದಾಗ ಕೇಳಿದ ಬೂಸ್ಟಿಗೂ ಸಿಕ್ಕ ಬೂಸ್ಟಿಗೂ ಭಾಳ ಫರಕ್ ಇತ್ತು. ನಮ್ಮ ಬೆಳಗಾವಿ ಉದ್ಯಮಬಾಗಿನ್ಯಾಗ ಒಬ್ಬ ಹಳೇ ಮೆಕ್ಯಾನಿಕ್ ಕಾಕಾ ಅದಾರ, ಅವರಿಗೆ ತೋರಿಸಿದೆ, ಅವರು ಮೊಬೈಲ್ ನೋಡ್ಲೇ ಇಲ್ಲ, ಬಾನೆಟ್ ತಗದು ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳೀನ ತಂಪ ಮಾಡೂ ಭಾಗ) ಪೈಪಿನ ಮ್ಯಾಲ ಕೈ ಆಡಿಸಿ "ಇಲ್ಲಿ ನೋಡಪಾ, ಎಣ್ಣಿ ಜಿಡ್ಡು, ಕ್ಲಿಪ್ ಸಡ್ಲ ಐತಿ, ಗಾಳಿ ಇಲ್ಲೇ ಹೊಂಟೈತಿ" ಅಂದ್ರು. 300 ರೂಪಾಯಿ ಕ್ಲ್ಯಾಂಪ್, ಜೋಡಿ ಏರ್ ಫಿಲ್ಟರ್ ಬದಲಿ, ಕಬ್ಬಿನ ಸೀಜನ್ನಿನ ಧೂಳ ಅದ್ರಾಗ ಪೂರ್ತಿ ಕೂತಿತ್ತು. ಗಾಡಿ ಎಳತ ಎಷ್ಟ ಸುಧಾರಿಸ್ತು ಅಂದ್ರ ನಾ ಬಾಕ್ಸ್ ಹಾಕ್ಸಿದಾಗ ಸಿಕ್ಕಿದ್ದು ಪವರ್ ಅಲ್ಲ, ಆ ಲೀಕಿನ್ಯಾಗ ಕಳಕೊಂಡಿದ್ದನ್ನ ಇಂಜಿನ್‌ಗೆ ಒದ್ದಾಡಿ ಕೊಡ್ಸಿದ್ದು ಅಂತ ಆವಾಗ ತಿಳೀತು. ಲೀಕ್ ಇರೂ ಗಾಡಿಗೆ ಟ್ಯೂನ್ ಹಾಕಿದ್ರ ಟರ್ಬೊ ಇನ್ನೂ ಜೋರ ತಿರಗತೈತಿ, ಇನ್ನೂ ಬಿಸಿ ಆಗತೈತಿ, ಕಡೀಗೆ ಟರ್ಬೊನ ಹೋಗತೈತಿ.

ಒಂದ್ ಮಾತು ಇಲ್ಲೇ ಹೇಳಿಬಿಡ್ತೀನಿ. ಅದ ಒಬಿಡಿ ಸಾಕೆಟ್ಟಿಗೆ ಚುಚ್ಚಿದ್ರ ಸಾಕು, ಮೈಲೇಜ್ ಏರ್ತೈತಿ ಪವರ್ ಏರ್ತೈತಿ ಅಂತ ಆನ್‌ಲೈನಿನ್ಯಾಗ ಕೆಲವು ನೂರು ರೂಪಾಯಿಗೆ ಮಾರೂ ಪ್ಲಗ್ ಅದಾವಲ್ಲ, ಅವನ್ನ ಬಿಚ್ಚಿ ನೋಡಿದವರಿಗೆ ಒಳಗ ಸಿಕ್ಕಿದ್ದು ಮಿಣುಕು ದೀಪ ಮತ್ತ ಅದನ್ನ ಮಿಣಕ್ಸೂ ಒಂದ್ ಚಿಪ್, ಇಂಜಿನ್ ಕಂಪ್ಯೂಟರ್ ಜೋಡಿ ಅದು ಮಾತಾಡೂದ ಇಲ್ಲ. ತಗೊಬ್ಯಾಡ್ರಿ.

ಮೂರನೇ ಹೆಜ್ಜೆ: ಯಾವ ಜಾತಿ ಡಿವೈಸ್

ಇಲ್ಲಿ ಗೊಂದಲ ಜಾಸ್ತಿ, ಎಲ್ಲಾನೂ "ಟ್ಯೂನಿಂಗ್ ಚಿಪ್" ಅಂತ ಒಂದ ಹೆಸರಿನ್ಯಾಗ ಮಾರ್ತಾರ, ಆದ್ರ ಒಂದಕ್ಕೊಂದು ಸಂಬಂಧನ ಇಲ್ಲ.

ಪೆಡಲ್ ಬಾಕ್ಸ್ ಅಂತ ಬರ್ತೈತಿ, ಆಕ್ಸಿಲರೇಟರ್ ಪೆಡಲ್ಲಿನ ಕನೆಕ್ಟರ್‌ಗೆ ಹಾಕೂದು. ನೀವು 30 ಪರ್ಸೆಂಟ್ ಒತ್ತಿದ್ರ ಇಂಜಿನ್‌ಗೆ 50 ಅಂತ ಹೇಳ್ತೈತಿ. ಪವರ್ ಒಂದ್ ಚೂರೂ ಏರೂದಿಲ್ಲ, ಬರೇ ಚುರುಕ ಅನಸ್ತೈತಿ. ಇಂಜಿನ್‌ಗೆ ಅಪಾಯ ಇಲ್ಲ, ಆದ್ರ ಮಳಿಯಾಗ ಕಪಿಲೇಶ್ವರ ಕಡೆ ಸಣ್ಣ ಓಣಿಯಾಗ ಗಾಡಿ ಜಿಗಿಯೂದು ನಂಗ ಸೇರ್ಲಿಲ್ಲ.

ಎರಡನೇದು ಟ್ಯೂನಿಂಗ್ ಬಾಕ್ಸ್, ಪಿಗ್ಗಿಬ್ಯಾಕ್ ಅಂತಾರ, ಅಳಿಯ ಕೇಳಿದ್ದು ಇದ. ಜರ್ಮನಿಯ ರೇಸ್‌ಚಿಪ್, ಡಿಟಿಇ ಇಂಥಾವು ಈ ಜಾತಿ. ಇದು ಹೆಂಗ ಕೆಲಸ ಮಾಡ್ತೈತಿ ಅಂತ ತಿಳ್ಕೊಂಡ್ರ ನಿರ್ಧಾರ ಅರ್ಧ ಆದಂಗ. ಬಾಕ್ಸ್ ಸೆನ್ಸರ್ ಮತ್ತ ಇಸಿಯು (ಇಂಜಿನ್ ಕಂಪ್ಯೂಟರ್) ನಡುವ ಕೂತು ಇಸಿಯುಗೆ ಸುಳ್ಳ ಹೇಳ್ತೈತಿ. ಡೀಸಲ್‌ನ್ಯಾಗ ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗೂ ಡೀಸಲ್ ಒತ್ತಡ) ಇದ್ದದ್ದಕ್ಕಿಂತ ಕಮ್ಮಿ ಐತಿ ಅಂತ ಹೇಳ್ತೈತಿ, ಇಸಿಯು ಪಾಪ ಪ್ರೆಶರ್ ಏರಸ್ತೈತಿ, ಡೀಸಲ್ ಜಾಸ್ತಿ ಹೋಗತೈತಿ. ಟರ್ಬೊ ಪೆಟ್ರೋಲಿನ್ಯಾಗ ಬೂಸ್ಟ್ ಕಮ್ಮಿ ಐತಿ ಅಂತ ಹೇಳ್ತೈತಿ, ಇಸಿಯು ಬೂಸ್ಟ್ ಏರಸ್ತೈತಿ.

ಸಮಸ್ಯೆ ಎಲ್ಲಿ ಅಂದ್ರ, ಪೆಟ್ರೋಲ್ ಇಂಜಿನ್‌ನ್ಯಾಗ ಸ್ಪಾರ್ಕ್ ಯಾವಾಗ ಹೊಡೀಬೇಕು ಅನ್ನೂದನ್ನ ಇಸಿಯು ನೋಡೂದು ಅದ ಸುಳ್ಳ ನಂಬರ್ ಮ್ಯಾಲ. ಒಳಗ ಖರೇ 2.0 ಬಾರ್ (ಒಂದ್ ಬಾರ್ ಅಂದ್ರ 100 ಕಿಲೋಪಾಸ್ಕಲ್ ಒತ್ತಡ) ಗಾಳಿ ತುಂಬೈತಿ, ಇಸಿಯು 1.8 ಅಂತ ತಿಳ್ಕೊಂಡು ಅದಕ್ಕ ತಕ್ಕಂಗ ಟೈಮಿಂಗ್ ಮುಂದ ಇಡ್ತೈತಿ. ಆವಾಗ ಕಾಯೂದು ನಾಕ್ ಸೆನ್ಸರ್ ಒಂದ. ಚಳಿಗಾಲದಾಗ ಬೆಳಗಾವಿ ತಂಪಿನ್ಯಾಗ ಸುಮಾರ ನಡೀತೈತಿ, ವಿಜಯಪುರದ ಮೇ ತಿಂಗಳಿನ 42 ಡಿಗ್ರಿಯಾಗ ಆ ಸೆನ್ಸರ್‌ಗೆ ಬಿಡುವ ಇರೂದಿಲ್ಲ. ಹಂಗಂತ ಬಾಕ್ಸ್ ಎಲ್ಲಾ ಕೆಟ್ಟದ್ದು ಅನ್ನೂದಿಲ್ಲ ನಾ. ನಿಮ್ಮ ಇಂಜಿನ್ ಕೋಡಿಗೆ ಮಾಡಿದ್ದು ಇದ್ರ, ಕನೆಕ್ಟರ್ ಒರಿಜಿನಲ್ ಗುಣಮಟ್ಟದ್ದು ಇದ್ರ, ಸಣ್ಣ ಸೆಟ್ಟಿಂಗಿನ್ಯಾಗ ಇಟ್ಕೊಂಡ್ರ, ಬೇಕಾದಾಗ ಹತ್ತ ನಿಮಿಷಕ್ಕ ಕಿತ್ತು ಇಡಬಹುದು, ಮಾರುವಾಗ ತಗೀಬಹುದು. ಡೀಸಲ್‌ಗೆ ಪೆಟ್ರೋಲ್‌ಕಿಂತ ಹೊಂದ್ಕೊಳ್ತೈತಿ, ಆದ್ರ ಬಿಎಸ್6 ಡೀಸಲ್ ಇದ್ರ ಹೊಗಿ ಜಾಸ್ತಿ ಆದಷ್ಟೂ ಡಿಪಿಎಫ್ (ಹೊಗಿಯ ಮಸಿ ಹಿಡಿಯೂ ಫಿಲ್ಟರ್) ಲಗೂನ ತುಂಬತೈತಿ ಅನ್ನೂದು ನೆನಪಿರ್ಲಿ. ಇನ್ನೊಂದು, ಈಗಿನ ಹೊಸ ಗಾಡಿಯಾಗ ಕೆಲವು ಸೆನ್ಸರ್ ಡಿಜಿಟಲ್ ಸಿಗ್ನಲ್ ಕಳಸ್ತಾವ, ಹಳೇ ವೋಲ್ಟೇಜ್ ಬಾಕ್ಸ್ ಅದಕ್ಕ ಕೆಲಸಕ್ಕ ಬರೂದಿಲ್ಲ, ಕೇಳೇ ತಗೊರಿ.

ಮೂರನೇದು ರೀಮ್ಯಾಪ್, ಫ್ಲ್ಯಾಶ್ ಅಂತಾರ. ಇಲ್ಲಿ ಸುಳ್ಳ ಹೇಳೂದಿಲ್ಲ, ಇಸಿಯು ಒಳಗಿನ ಲೆಕ್ಕದ ಕೋಷ್ಟಕಾನ (ಇದನ್ನ ಮ್ಯಾಪ್ ಇಲ್ಲಾ ಫೈಲ್ ಅಂತಾರ) ಬದಲ ಮಾಡ್ತಾರ, ಬೂಸ್ಟ್ ಏರಿಸಿದ್ರ ಅದಕ್ಕ ತಕ್ಕಂಗ ಟೈಮಿಂಗ್, ಪೆಟ್ರೋಲ್, ಟಾರ್ಕ್ ಲಿಮಿಟ್ ಎಲ್ಲಾ ಕೂಡೇ ಹೊಂದಸ್ತಾರ. ಟ್ಯೂನರ್ ಹತ್ರ ಕೆಸ್ (KESS), ಆಟೋಟ್ಯೂನರ್ ಇಂಥಾ ಯಂತ್ರ ಇರ್ತಾವ, ಒಬಿಡಿಯಿಂದ ಇಲ್ಲಾ ಇಸಿಯು ಬಿಚ್ಚಿ ಬೆಂಚಿನ ಮ್ಯಾಲ ಇಟ್ಟು ಓದಿ ಬರೀತಾರ. ಕೈ ಒಳ್ಳೇದಿದ್ರ ಇದರಂಥಾದ್ದು ಇನ್ನೊಂದಿಲ್ಲ, ಕೈ ಕೆಟ್ಟಿದ್ರ ಬಾಕ್ಸಿಗಿಂತ ಅಪಾಯ, ಯಾಕಂದ್ರ ನಾಕ್ ಸೆನ್ಸರ್ ಎಷ್ಟ ಕಾಯಬೇಕು ಅನ್ನೂದನ್ನೂ ಅವರು ಬದಲ ಮಾಡಬಹುದು. ಹಂಗಾಗಿ ಇಲ್ಲಿ ನೀವು ಆರಸೂದು ಡಿವೈಸ್ ಅಲ್ಲ, ಮನಷಾನ್ನ.

ನಾಕನೇದು ನಿಮ್ ಕೈಯಾಗ ಇರೂ ಫ್ಲ್ಯಾಶರ್, ಕಾಬ್ ಆಕ್ಸೆಸ್‌ಪೋರ್ಟ್, ಹೊಂಡಾಟಾ, ಬಿಎಂಡಬ್ಲ್ಯುಗೆ ಬೂಟ್‌ಮಾಡ್3 ಇಂಥಾವು. ಒಂದ ಡಿವೈಸಿನ್ಯಾಗ ಮ್ಯಾಪ್ ಬದಲ ಮಾಡೂದು, ಲಾಗ್ ಮಾಡೂದು, ಸ್ಟಾಕಿಗೆ (ಕಂಪನಿ ಕೊಟ್ಟ ಸೆಟ್ಟಿಂಗಿಗೆ) ವಾಪಸ್ ಹೋಗೂದು ಎಲ್ಲಾ. ನಂಗ ಕೇಳಿದ್ರ ರಚನೆಯೊಳಗ ಇದ ಎಲ್ಲಾಕಿಂತ ಚಲೋ, ಆದ್ರ ನಮ್ ಕಡೆ ಓಡೂ ಸಾದಾ ಟರ್ಬೊ ಹ್ಯಾಚ್‌ಬ್ಯಾಕ್‌ಗಳಿಗೆ ಇವು ಹೆಚ್ಚಾಗಿ ಸಿಗೂದಿಲ್ಲ. ಬಿಎಂಡಬ್ಲ್ಯು ಎಂ340ಐ ಇಟ್ಕೊಂಡವರು ಇದ್ರ ಒಂದ್ ಮಾತು: 2020ರ ನಡುವಿಂದ ಈಚೆಗೆ ತಯಾರಾದ ಬಿಎಂಡಬ್ಲ್ಯು ಇಂಜಿನ್ ಕಂಪ್ಯೂಟರ್ ಲಾಕ್ ಇರ್ತಾವ, ಮೊದಲ ಅನ್‌ಲಾಕ್ ಮಾಡ್ಸಬೇಕು, ಇಲ್ಲಾ ಜೆಬಿ4ನಂಥಾ ಪಿಗ್ಗಿಬ್ಯಾಕಿಗೆ ಹೋಗಬೇಕು. ಮತ್ತ ಆಕ್ಸೆಸ್‌ಪೋರ್ಟ್ ಸೆಕೆಂಡ್‌ಹ್ಯಾಂಡ್ ತಗೊಂಡ್ರ ಹಳೇ ಗಾಡಿಯಿಂದ ಅದನ್ನ ಬಿಡಿಸ್ಯಾರೋ ಇಲ್ಲೋ ನೋಡ್ರಿ, ಅದು ಒಂದ್ ಹೊತ್ತಿಗೆ ಒಂದ ಗಾಡಿಗೆ ಗಂಟ ಹಾಕ್ಕೊಳ್ತೈತಿ, ಬಿಡಿಸದ ಕೊಟ್ರ ನಿಮ್ಮ ಕೈಯಾಗ ಇಟ್ಟಂಗಿ ಇದ್ದಂಗ.

ಹಾಲ್‌ಟೆಕ್, ಮೋಟೆಕ್, ಲಿಂಕ್ ಇವು ಸ್ಟ್ಯಾಂಡ್‌ಅಲೋನ್, ಕಂಪನಿ ಇಸಿಯುನ ತಗದು ಹೊಸಾದು ಹಾಕೂದು. ಟ್ರ್ಯಾಕ್ ಗಾಡಿ, ಡ್ರ್ಯಾಗ್ ಗಾಡಿ ಕಟ್ಟೂರಿಗೆ ಇದು. ದಿನಾ ಆಫೀಸಿಗೆ ಹೋಗೂ ಗಾಡಿಗೆ ಬ್ಯಾಡ.

ನಾಕನೇ ಹೆಜ್ಜೆ: ನಮ್ ಊರಿನ ಗಾಳಿ, ಬಿಸಲು, ಕಬ್ಬು

ಇದನ್ನ ಬ್ಯಾರೆ ಕಡೆ ಬರದ ಗೈಡಿನ್ಯಾಗ ನಿಮಗ ಯಾರೂ ಹೇಳೂದಿಲ್ಲ, ಅದಕ್ಕ ಇಲ್ಲಿ ಸ್ವಲ್ಪ ಹೆಚ್ಚ ಬರೀತೀನಿ.

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಕೀ ಆನ್ ಮಾಡಿ ಇಂಜಿನ್ ಚಾಲೂ ಮಾಡದ ಒಬಿಡಿ ಆಪಿನ್ಯಾಗ ಗಾಳಿ ಒತ್ತಡ ನೋಡ್ರಿ, 92–93 ಕಿಲೋಪಾಸ್ಕಲ್ ತೋರಸ್ತೈತಿ. ಚೋರ್ಲಾ ಘಾಟ್ ಇಳದು ಪಣಜಿಗೆ ಹೋಗಿ ನೋಡಿದ್ರ ಅದ ನಂಬರ್ 101ರ ಹತ್ರ. ಅಂದ್ರ ನಮ್ಮ ಗಾಳಿ ಸುಮಾರು 8 ಪರ್ಸೆಂಟ್ ತೆಳು. ಟರ್ಬೊ ಇಂಜಿನ್ ಇದನ್ನ ತುಂಬಿಕೊಡ್ತೈತಿ ಖರೆ, ಆದ್ರ ಬಿಟ್ಟಿ ಕೊಡೂದಿಲ್ಲ. ಹೊರಗಿನ ಒತ್ತಡ ಸೇರಿಸಿ 2.0 ಬಾರ್ ಬೇಕಂದ್ರ ಪಣಜಿಯಾಗ ಗಾಳೀನ ಎರಡ್ ಪಟ್ಟು ಒತ್ತಿದ್ರ ಸಾಕು, ಬೆಳಗಾವಿಯಾಗ 2.15 ಪಟ್ಟು ಒತ್ತಬೇಕು. ಟರ್ಬೊ ಅಷ್ಟ ಜೋರ ತಿರಗತೈತಿ, ಗಾಳಿ ಅಷ್ಟ ಬಿಸಿ ಆಗತೈತಿ. ಸಮುದ್ರದ ದಂಡಿ ಊರಾಗ ಕೂತು ಮಾಡಿದ ಒಂದ್ ರೆಡಿಮೇಡ್ ಫೈಲ್ ಸಣ್ಣ ಟರ್ಬೊಕ್ಕ ಕಡೀ ಅಂಚಿನ ತನಕ ಕೆಲಸ ಕೊಟ್ಟಿದ್ರ, ನಮ್ಮ ಊರಾಗ ಅದು ಅಂಚು ದಾಟತೈತಿ. ಟ್ಯೂನರ್‌ಗೆ "ನಮ್ಮೂರು 750 ಮೀಟರ್, ಅದಕ್ಕ ಟರ್ಬೊದ ಲೆಕ್ಕ ಇಟ್ಟೀರೇನ್ರಿ?" ಅಂತ ಕೇಳ್ರಿ, ಉತ್ತರ ಕೇಳಿನ ಅವರ ಕೈ ಎಂಥಾದ್ದು ಅಂತ ಗೊತ್ತಾಗತೈತಿ.

ಬಾಗಲಕೋಟಿ, ವಿಜಯಪುರದವ್ರಿಗೆ ಎತ್ತರಕಿಂತ ಬಿಸಲು ದೊಡ್ಡ ವೈರಿ. ಹೊರಗ 40 ಇದ್ದಾಗ ಟ್ರಾಫಿಕ್‌ನ್ಯಾಗ ನಿಂತ ಟರ್ಬೊ ಗಾಡಿ ಇಂಟೇಕ್ ಟೆಂಪರೇಚರ್ 60–65 ಮುಟ್ಟೂದು ಸಾಮಾನ್ಯ. ಬಿಸಿ ಗಾಳಿ ಅಂದ್ರ ಆಕ್ಸಿಜನ್ ಕಮ್ಮಿ, ನಾಕ್ ಜಾಸ್ತಿ. ಅಲ್ಲೆ 30 ಎಚ್‌ಪಿ ಅನ್ನೂದು ಹಾಳಿ ಮ್ಯಾಲ ಇರ್ತೈತಿ, ನಾಕ್ ಸೆನ್ಸರ್ ಅದ್ರಾಗ ಎಷ್ಟೋ ಭಾಗ ವಾಪಸ್ ತಗೊಳ್ತೈತಿ. ಅಲ್ಲಿಯವ್ರಿಗೆ ನಾ ಹೇಳೂದು ದೊಡ್ಡ ಇಂಟರ್‌ಕೂಲರ್ ಮೊದಲ, ಟ್ಯೂನ್ ಎರಡನೇದು, ಅದೂ ಸಣ್ಣದು.

ಇನ್ನ ಪೆಟ್ರೋಲ್. ಮುಧೋಳ, ಜಮಖಂಡಿ, ಚಿಕ್ಕೋಡಿ, ಗೋಕಾಕ ಕಡೆ ಹೊಲದಾಗ ಬೆಳದ ಕಬ್ಬು ಫ್ಯಾಕ್ಟರಿಗೆ ಹೋಗಿ ಎಥನಾಲ್ ಆಗಿ ನಮ್ಮ ಟ್ಯಾಂಕಿಗೇ ಬರ್ತೈತಿ ಅನ್ನೂದು ರೈತರ ಮನ್ಯಾಗ ಹುಟ್ಟಿದ ನಂಗ ಖುಷಿ ಕೊಡೂ ಮಾತು. ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲ್ 2023ರ ಫೆಬ್ರುವರಿಯಾಗ ಬೆಂಗಳೂರಾಗ ಬಿಡುಗಡೆ ಆತು, ಈಗ ಎಲ್ಲಾ ಕಡೆ ಅದ. ಟ್ಯೂನಿಂಗಿಗೆ ಇದರ ಅರ್ಥ ಎರಡು. ಒಂದು, ಎಥನಾಲ್ ನಾಕ್ ತಡೀತೈತಿ, ಅದು ನಮ್ ಬಿಸಲಿಗೆ ಒಳ್ಳೇದ. ಎರಡು, ಲೀಟರಿಗೆ ಅದರ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ, ಹಂಗಾಗಿ ಅಷ್ಟ ಪವರಿಗೆ ಜಾಸ್ತಿ ಪೆಟ್ರೋಲ್ ಚೆಲ್ಲಬೇಕು. ಬರೇ ಪೆಟ್ರೋಲಿಗೆ 14.7 ಭಾಗ ಗಾಳಿಗೆ 1 ಭಾಗ ಇಂಧನ ಅನ್ನೂ ಲೆಕ್ಕ ಇ20ಗೆ 13.5ರ ಹತ್ರ ಬರ್ತೈತಿ. ಸ್ಟಾಕ್ ಗಾಡಿಯಾಗ ಇಸಿಯು ಹೊಂದ್ಕೊಳ್ತೈತಿ, ಆದ್ರ ಟ್ಯೂನ್ ಮಾಡಿ ಬೂಸ್ಟೂ ಏರಿಸಿದ್ರ ಇಂಜೆಕ್ಟರ್ ಮತ್ತ ಹೈ ಪ್ರೆಶರ್ ಪಂಪಿನ ಮ್ಯಾಲ ಎರಡೂ ಕಡೆಯಿಂದ ಭಾರ ಬೀಳತೈತಿ. ಇ20 ಬರೂಕಿಂತ ಮೊದಲಿನ ಕಾಲದ ಹಳೇ ಫೈಲ್ ಹಾಕ್ತೀನಿ ಅಂದ್ರ ಬ್ಯಾಡ ಅನ್ರಿ. ನಾಕ್ ಹೆಚ್ಚ ತಡಿಯೂ 100 ಆಕ್ಟೇನ್ ಪೆಟ್ರೋಲಿಗೆ ಮಾಡಿದ ಫೈಲೂ ಅಷ್ಟ, ನಿಮ್ ಮನಿ ಹತ್ರದ ಬಂಕಿನ್ಯಾಗ ಅದು ವರ್ಷಪೂರ್ತಿ ಸಿಗತೈತಿ ಅಂತ ಖಾತ್ರಿ ಇದ್ರ ಮಾತ್ರ. ಇಳಕಲ್‌ದಾಗ ಮದುವಿಗೆ ಹೋದಾಗ ಟ್ಯಾಂಕ್ ಖಾಲಿ ಆದ್ರ ಸಿಕ್ಕ ಬಂಕಿನ್ಯಾಗ ಹಾಕ್ಸಬೇಕಾಗತೈತಿ, ಫೈಲ್ ಅದನ್ನೂ ತಡೀಬೇಕು.

ಸಣ್ಣ ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಇದ್ದವ್ರು ಇನ್ನೊಂದು ನೆನಪಿಡ್ರಿ. ಕಮ್ಮಿ ಆರ್‌ಪಿಎಂನ್ಯಾಗ ಮ್ಯಾಲಿನ ಗೇರ್ ಹಾಕಿ ಪೂರ್ತಿ ಒತ್ತಬ್ಯಾಡ್ರಿ, ಸ್ಪಾರ್ಕ್ ಬರೂಕಿಂತ ಮೊದಲ ಇಂಧನ ತಾನ ಹೊತ್ಕೊಂಡು ಪಿಸ್ಟನ್ ಒಡೀಬಹುದು. ಟ್ಯೂನ್ ಮಾಡಿದ ಮ್ಯಾಲ ಅಂತೂ ಬ್ಯಾಡೇ ಬ್ಯಾಡ. ಇದನ್ನ ಕಮ್ಮಿ ಮಾಡಾಕ ಇಂಜಿನ್ ಆಯಿಲ್ ಡಬ್ಬಿ ಮ್ಯಾಲ ಎಪಿಐ ಎಸ್‌ಪಿ ಅಂತ ಇರೂದನ್ನ, ನಿಮ್ ಕಂಪನಿ ಹೇಳಿದ ಗ್ರೇಡಿನ್ಯಾಗ, ತಗೊರಿ.

ಐದನೇ ಹೆಜ್ಜೆ: ರೊಕ್ಕ ಕೊಡೂ ಮೊದಲ ಕೇಳೂ ಮಾತು

ರೀಮ್ಯಾಪಿಗೆ ನಿರ್ಧಾರ ಮಾಡಿದ್ರಿ ಅಂದ್ರ, ಟ್ಯೂನರ್ ಬೆಂಗಳೂರವ್ರಿರಲಿ, ಪುಣೆಯವ್ರಿರಲಿ, ಇಲ್ಲೇ ಊರಿಗೆ ಬಂದು ಮಾಡೂವ್ರಿರಲಿ, ಸಂಕೋಚ ಬಿಟ್ಟು ಕೇಳ್ರಿ. ನನ್ನ ಒರಿಜಿನಲ್ ಫೈಲ್ ಓದಿ ಅದರ ಕಾಪಿ ನಂಗೂ ಕೊಡ್ತೀರೇನು? ಕೆಲವು ಗಾಡಿಯಾಗ ಒರಿಜಿನಲ್ ಫೈಲ್ ಒಬಿಡಿಯಿಂದ ಪೂರ್ತಿ ಓದಾಕ ಬರೂದಿಲ್ಲ, ಸರ್ವರಿಂದ ಅದ ವರ್ಷನ್ನಿನ ಫೈಲ್ ತರಸ್ತಾರ, ಅದು ತಪ್ಪಲ್ಲ, ಆದ್ರ ಬಾಯಿ ಬಿಟ್ಟು ಹೇಳಬೇಕು. ಹಾಕಿದ ಮ್ಯಾಲ ಲಾಗ್ ನೋಡಿ ಫೈಲ್ ತಿದ್ದಿ ಕೊಡ್ತೀರೋ, ಒಮ್ಮೆ ಹಾಕಿ ಕೈ ತೊಳಕೊಳ್ತೀರೋ? ನಾಕ್ ಕಂಟ್ರೋಲ್, ಟೆಂಪರೇಚರ್ ಸುರಕ್ಷೆ ಮುಟ್ಟೀರೇನು? ಸರ್ವಿಸ್ ಸೆಂಟರಿನ್ಯಾಗ ಕಂಪನಿ ಅಪ್‌ಡೇಟ್ ಹಾಕಿ ನಿಮ್ ಫೈಲ್ ಅಳಸಿ ಹೋದ್ರ ಮತ್ತ ಹಾಕಾಕ ರೊಕ್ಕ ಎಷ್ಟು?

"ಎಲ್ಲಾ ಗಾಡಿಗೂ ಇದ ಫೈಲ್ ಹಾಕೀವಿ, ಯಾರದೂ ಏನೂ ಆಗಿಲ್ಲ" ಅಂತ ಉತ್ತರ ಬಂದ್ರ ಚಾ ಕುಡದು ನಮಸ್ಕಾರ ಹೇಳಿ ಬರ್ರಿ. ಕ್ಯಾಟಲಿಟಿಕ್ ಕನ್ವರ್ಟರ್ ತಗೀತೀವಿ, ಡಿಪಿಎಫ್ ಬಂದ್ ಮಾಡ್ತೀವಿ ಅಂದ್ರೂ ಅಷ್ಟ, ಅದು ಕಾಯ್ದೆಗೂ ವಿರುದ್ಧ, ಹಿಂದ ಬರೂ ಬೈಕಿನವನ ಎದಿಗೂ ವಿರುದ್ಧ.

ಫ್ಲ್ಯಾಶ್ ಮಾಡೂ ಹೊತ್ತಿನ್ಯಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿರಬೇಕು. ಬರೀಲಾಕತ್ತಾಗ ನಡುವ ವೋಲ್ಟೇಜ್ ಬಿದ್ರ ಇಸಿಯು ಸತ್ತಂಗ, ಗಾಡಿ ಚಾಲೂ ಆಗೂದಿಲ್ಲ, ಅದನ್ನ ಎಬ್ಬಸಾಕ ಬಿಚ್ಚಬೇಕು. ಕರೆಂಟ್ ಹೋಗೂ ಟೈಮ್ ನೋಡ್ಕೊಂಡು, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇಟ್ಕೊಂಡು ಕೂತ್ಕೊಳ್ಳೂ ಟ್ಯೂನರ್ ಕಂಡ್ರ ನಂಗ ವಿಶ್ವಾಸ ಬರ್ತೈತಿ.

ಕಾಯ್ದೆ, ವಾರಂಟಿ, ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರ ಬದಲಾಗೂವಂಗ ಮಾರ್ಪಾಡು ಮಾಡಬಾರದು ಅಂತೈತಿ, 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಇದನ್ನ ಗಟ್ಟಿ ಮಾಡೈತಿ, ಅದ ವರ್ಷದ ತಿದ್ದುಪಡಿಯಿಂದ ತಪ್ಪಿಗೆ ಆರು ತಿಂಗಳ ತನಕ ಜೈಲು ಇಲ್ಲಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಹಾಕ್ಸೂ ಮೊದಲ ಆರ್‌ಟಿಒ ಆಫೀಸಿನ್ಯಾಗ ಕೇಳ್ರಿ, ವಿಮೆ ಕಂಪನಿಗೆ ಬರವಣಿಗಿಯಾಗ ತಿಳಸ್ರಿ. ಮುಚ್ಚಿಟ್ಟು ಆಮ್ಯಾಲ ಆಕ್ಸಿಡೆಂಟ್ ಆಗಿ ಕ್ಲೇಮ್ ನಿರಾಕರಣೆ ಆದ್ರ ಮನಿ ಮಂದಿಗೆ ಹೊಡ್ತ.

ವಾರಂಟಿ ಇನ್ನೂ ಇದ್ರ ನಾ ಕಾಯ್ರಿ ಅಂತೀನಿ. "ಸ್ಟಾಕ್ ಫೈಲ್ ವಾಪಸ್ ಹಾಕಿದ್ರ ಗೊತ್ತಾಗೂದಿಲ್ಲ" ಅನ್ನೂ ಮಾತು ನಂಬಬ್ಯಾಡ್ರಿ, ಎಷ್ಟ ಸಲ ಬರದಾರ ಅಂತ ಇಸಿಯು ಒಳಗ ಎಣಿಕಿ ಇರ್ತೈತಿ, ಫೋಕ್ಸ್‌ವ್ಯಾಗನ್ ಗ್ರೂಪಿನ ಡೀಲರ್ ಸಿಸ್ಟಮಿನ್ಯಾಗ ಟಿಡಿ1 (ಟ್ಯೂನ್ ಮಾಡಿದ ಗಾಡಿ) ಅಂತ ಒಮ್ಮೆ ಗುರುತು ಬಿದ್ರ ಅದು ಆ ಗಾಡಿ ಹೆಸರಿಗೇ ಅಂಟ್ಕೊಳ್ತೈತಿ.

ಹಾಕ್ಸಿದ ಮ್ಯಾಲ

ಅದ ಲಾಗ್ ಮತ್ತ ಇಡ್ರಿ, ಹಳೇದರ ಪಕ್ಕಕ್ಕ ಇಟ್ಟು ನೋಡ್ರಿ. ನಂಗ ಬೇಕಾದ್ದು ಮೂರು: ಕೇಳಿದಷ್ಟ ಬೂಸ್ಟ್ ಸಿಗಬೇಕು, ಟೈಮಿಂಗ್ ಮ್ಯಾಲಿಂದ ಮ್ಯಾಲ ಹಿಂದ ಜಗ್ಗಬಾರದು, ಫ್ಯುಯೆಲ್ ಟ್ರಿಮ್ 10 ಪರ್ಸೆಂಟ್ ಒಳಗ ಇರಬೇಕು. ಇದ್ರಾಗ ಒಂದ್ ಕೆಟ್ರೂ ಟ್ಯೂನರ್‌ಗೆ ಲಾಗ್ ಕಳಸ್ರಿ, ಅಲ್ಲೀತನಕ ಸ್ಟಾಕಿನ್ಯಾಗ ಓಡಸ್ರಿ. ಪೂರ್ತಿ ಥ್ರಾಟಲ್ ಪರೀಕ್ಷೆ ಡೈನೊ (ಗಾಡಿ ನಿಂತಲ್ಲೇ ಓಡಸಿ ಪವರ್ ಅಳಿಯೂ ಯಂತ್ರ) ಮ್ಯಾಲ ಮಾಡ್ಸೂದ ಸರಿ. ರೋಡ್ ಮ್ಯಾಲ ಬ್ಯಾಡ್ರಿ, ವಂಟಮುರಿ ಘಾಟಿನ ಏರಿನ್ಯಾಗ ಲಿಮಿಟ್ ಒಳಗ ಸಾದಾ ಓಡ್ಸಿದ್ರೂ ಇಂಜಿನ್ ಮ್ಯಾಲ ಸಾಕಷ್ಟ ಭಾರ ಬೀಳತೈತಿ, ಅಷ್ಟರಾಗ ಲಾಗ್ ಬೇಕಾದ್ದ ಹೇಳ್ತೈತಿ.

ಮತ್ತ ಬ್ರೇಕ್. ನವೆಂಬರಿಂದ ಮುಂದ ಲೋಕಾಪುರ, ಮುಧೋಳ, ಯರಗಟ್ಟಿ ರೋಡಿನ್ಯಾಗ ರಾತ್ರಿ ಹೋದವ್ರಿಗೆ ಗೊತ್ತು, ಎರಡೆರಡ ಟ್ರೇಲರ್ ಕಬ್ಬು ಹೇರ್ಕೊಂಡ ಟ್ರ್ಯಾಕ್ಟರ್ ಹಿಂದ ಒಂದ್ ದೀಪಾ ಇಲ್ಲದ ನಿಂತಿರ್ತೈತಿ, ಹತ್ರ ಹೋಗೂ ತನಕ ಕಾಣೂದ ಇಲ್ಲ. 20 ಎಚ್‌ಪಿ ಜಾಸ್ತಿ ಅಂದ್ರ ಅಲ್ಲಿಗೆ ಇನ್ನೂ ಲಗೂ ಮುಟ್ಟೂದು. ನಾ ಟ್ಯೂನ್ ಮಾಡ್ಸಿದ ವಾರಾನ ನಾಕೂ ಟೈರ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಬದಲ ಮಾಡ್ಸಿದೆ, ಟ್ಯೂನಿನ ರೊಕ್ಕದಷ್ಟ ಅದಕ್ಕೂ ಹೋತು, ಒಂದ್ ರೂಪಾಯಿಗೂ ನಂಗ ಬ್ಯಾಸರಿಲ್ಲ.

ಅಳಿಯ ಡಾಂಗಲ್ ತರಿಸ್ಕೊಂಡ. ಮೇ ಎರಡನೇ ವಾರ ವಾಟ್ಸ್ಯಾಪಿನ್ಯಾಗ ಲಾಗ್ ಕಳಿಸ್ದ, ಮಧ್ಯಾಹ್ನ ಮೂರಕ್ಕ ಇಂಟೇಕ್ 63 ಡಿಗ್ರಿ, ಟೈಮಿಂಗ್ ಸ್ಟಾಕ್ ಗಾಡಿಯಾಗನ ಆಗಲೇ ಹಿಂದ ಜಗ್ಗಾಕತ್ತಿತ್ತು. ಬಾಕ್ಸಿನ ರೊಕ್ಕ ಇಂಟರ್‌ಕೂಲರಿಗೆ ಎತ್ತಿಟ್ಟಾನ, ಪಂಚಮಿಗೆ ಅಕ್ಕನ ಜೋಡಿ ಬೆಳಗಾವಿಗೆ ಬಂದಾಗ ಉದ್ಯಮಬಾಗಿನ ಕಾಕಾನ ಕೈಯಿಂದನ ಹಾಕ್ಸೂದು ಅಂತ ಆಗೈತಿ.